ಬಟ್ಟೆ ಎಳೆಯಲು ತೂಕ ಬೇಕಿಲ್ಲ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಗಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ನಾವಿದ್ದ ವಿದ್ಯಾರ್ಥಿನಿಲಯಕ್ಕೆ ಹಾಲ್ ಎನ್ನುತ್ತಿದ್ದರು. ಮುಂದಿನ ವರ್ಷವೂ ಅಲ್ಲಿ ಕೋಣೆ ಸಿಗಬೇಕಾದರೆ ಪಾಯಿಂಟ್ ಬೇಕು. ನಾಟಕ ಮಾಡಿದರೆ ಪಾಯಿಂಟ್, ಹಾಲ್‌ನ ಪತ್ರಿಕೆ ತಂದರೆ ಪಾಯಿಂಟ್, ಹಾಲ್‌ನ ಪರವಾಗಿ ಆಡಿದರೆ ಪಾಯಿಂಟ್. ಆಡಿದ್ದೆಂದರೆ ಅರ್ಧ ಪಂದ್ಯವಾದರೂ ಮೈದಾನದಲ್ಲಿ ಇದ್ದಿರಬೇಕು. ಬೆಂಚಿನ ಮೇಲೆ ಕೂತದ್ದು ಲೆಕ್ಕಕ್ಕಿಲ್ಲ. ಇದನ್ನು ಮೊದಲೇ ಹೇಳದಿದ್ದರೆ, ಆಟಗಾರರು ಎಲ್ಲಿ ನಿಲ್ಲಬೇಕೆಂಬ ವಿಷಯಕ್ಕೆ ಇವನಿಗೇಕೆ ಇಷ್ಟು ಸಿಟ್ಟು ಎಂದು ಓದುವವರಿಗೆ ಅನ್ನಿಸಬಹುದು.

ಆ ವರ್ಷ ಹಾಲ್‌ಗಳ ನಡುವಿನ ಪಂದ್ಯಗಳಿಗೆ ಫ್ಲ್ಯಾಗ್ ಫುಟ್‌ಬಾಲ್ ಸೇರಿತು. ಅಮೆರಿಕದ ಕಾಲೇಜುಗಳಲ್ಲಿ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟದ ಸಾಧು ರೂಪ ಇದು. ಕಡೆಗೆ ಏಳು ಜನ. ಪ್ರತಿಯೊಬ್ಬನ ಸೊಂಟದಲ್ಲಿ ಎರಡು ಬಟ್ಟೆಪಟ್ಟಿ. ಚೆಂಡು ಹಿಡಿದವನ ಪಟ್ಟಿಯನ್ನು ಎಳೆದರೆ ಅವನು ಅಲ್ಲೇ ನಿಲ್ಲಬೇಕು. ತಳ್ಳುವಂತಿಲ್ಲ, ಕೆಡವುವಂತಿಲ್ಲ. ಚೆಂಡು ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದೇ ಗೋಲು.

ನಮ್ಮ ಕ್ಯಾಪ್ಟನ್ ಹಳೇ ಮೈಸೂರಿನ ಕಡೆಯ ಮನೆಯವನು, ನನಗಿಂತ ಒಂದು ವರ್ಷ ಹಿರಿಯ. ಅವನ ಅಪ್ಪ ರಾಫೆಲ್ಸ್ ಪ್ಲೇಸ್‌ನ ಒಂದು ಬ್ಯಾಂಕಿನಲ್ಲಿದ್ದರು. ಅದಕ್ಕೂ ಮೊದಲು ಅವರಿಗೆ ಅಮೆರಿಕಕ್ಕೆ ವರ್ಗವಾಗಿತ್ತು, ಹಾಗಾಗಿ ಇವನು ನಾಲ್ಕು ವರ್ಷ ಅಲ್ಲಿನ ಶಾಲೆಯಲ್ಲಿ ಓದಿದ್ದ. ಆ ಊರಿನ ಕಾಲೇಜು ತಂಡದ ಪಂದ್ಯಗಳ ಕ್ಯಾಸೆಟ್ಟುಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಿದ್ದ. ಆ ತಂಡ ಆಡುತ್ತಿದ್ದದ್ದು ಪ್ರೊ-ಸ್ಟೈಲ್. ಆದ್ದರಿಂದ ನಾವೂ ಅದನ್ನೇ ಆಡಬೇಕು.

ಪ್ರೊ-ಸ್ಟೈಲ್ ಎಂದರೆ ದಪ್ಪನೆಯವರು ಮುಂದೆ ಒತ್ತೊತ್ತಾಗಿ ಲೈನ್ ಕಟ್ಟಿ ನಿಲ್ಲುವುದು, ಚೆಂಡು ಎಸೆಯುವವನು ಅವರ ಬೆನ್ನಿಗೇ ಅಂಟಿಕೊಂಡು ಚೆಂಡನ್ನು ಕೈಗೆ ಪಡೆಯುವುದು, ಹಿಂದೆ ನಿಂತ ಓಟಗಾರನಿಗೆ ಅದನ್ನು ಕೊಟ್ಟು ಜನರ ನಡುವೆ ನುಗ್ಗಿಸುವುದು. ದೂರದ ಬದಿಯಲ್ಲಿ ನಿಲ್ಲುವವನು ಒಬ್ಬನೇ. ಸ್ಪ್ರೆಡ್ ಇದಕ್ಕೆ ತದ್ವಿರುದ್ಧ. ಐದು ಜನ ಮೈದಾನದ ಅಗಲಕ್ಕೂ ಹರಡಿಕೊಳ್ಳುತ್ತಾರೆ. ಎಸೆಯುವವನು ಹಿಂದೆ ದೂರ ನಿಂತು, ಯಾರ ಸುತ್ತ ಜಾಗ ಖಾಲಿಯಿದೆಯೋ ಅವನಿಗೆ ತಕ್ಷಣ ಎಸೆಯುತ್ತಾನೆ. ಎರಡರಲ್ಲೂ ನನ್ನ ಕೆಲಸ ಒಂದೇ: ಬಗ್ಗಿ, ಕಾಲಿನ ಸಂದಿಯಿಂದ ಚೆಂಡನ್ನು ಹಿಂದಕ್ಕೆ, ಎಸೆಯುವವನಾದ ಕ್ಯಾಪ್ಟನ್‌ಗೆ ಕೊಡುವುದು. ನನ್ನ ಜಾಗಕ್ಕೆ ಕುತ್ತಿರಲಿಲ್ಲ. ಪತ್ರಿಕೆಯ ಕೆಲಸದಿಂದ ನನಗೆ ಪಾಯಿಂಟೂ ಸಾಕಷ್ಟಿತ್ತು.

ಕುತ್ತು ಇದ್ದದ್ದು ಉಡುಪಿ ಕಡೆಯ ನನ್ನ ಗೆಳೆಯನಿಗೆ. ಸಣ್ಣ ಆಳು, ಹಾಲ್‌ನಲ್ಲಿ ಅವನಷ್ಟು ವೇಗವಾಗಿ ಓಡುವವರು ಇರಲಿಲ್ಲ. ಕೋಣೆ ಉಳಿಯಲು ಅವನಿಗೆ ಒಂದು ಪಂದ್ಯ ಲೆಕ್ಕಕ್ಕೆ ಬಂದರೆ ಸಾಕಿತ್ತು. ಇಲ್ಲವಾದರೆ ಹತ್ತಿರದ ಕ್ಲೆಮೆಂಟಿ ಬಡಾವಣೆಯ ಯಾವುದಾದರೂ ಫ್ಲಾಟಿನಲ್ಲಿ ಬಾಡಿಗೆಗೆ ರೂಮು ಹಿಡಿಯಬೇಕು. ಅವನ ಸ್ಕಾಲರ್‌ಶಿಪ್ಪಿನಲ್ಲಿ ಬಾಡಿಗೆ ಕೊಟ್ಟರೆ ಊಟಕ್ಕೆ ತತ್ವಾರ. ಸ್ಪ್ರೆಡ್ ಆಡಿದರೆ ಐವರಲ್ಲಿ ಅವನೇ ಮೊದಲಿಗ. ಪ್ರೊ-ಸ್ಟೈಲ್ ಆಡಿದರೆ ಬದಿಯ ಆ ಒಂದು ಜಾಗ ಕ್ಯಾಪ್ಟನ್‌ನ ರೂಮ್‌ಮೇಟಿಗೆ.

ಆಗಸ್ಟ್ ಹದಿನಾಲ್ಕು, ಶುಕ್ರವಾರ ಮೊದಲ ಅಭ್ಯಾಸ. ಅಂದಿನಿಂದ ಐದು ಸಂಜೆ ಎರಡೂ ಬಗೆಯನ್ನು ಸಮಸಮ ಆಡಿ ನೋಡಿದೆವು. ದಿನಚರಿ ಬರೆಯುವ ನನ್ನ ಅಭ್ಯಾಸದಂತೆ ಪ್ರತಿ ಸಲವೂ ಎಷ್ಟು ಗಜ ಮುಂದೆ ಹೋದೆವೆಂದು ಬರೆದಿಟ್ಟೆ. ಪ್ರೊ-ಸ್ಟೈಲ್‌ನಲ್ಲಿ ಸರಾಸರಿ ಮೂರು, ಸ್ಪ್ರೆಡ್‌ನಲ್ಲಿ ಏಳು. ನ್ಯಾಯವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ: ಸ್ಪ್ರೆಡ್‌ನಲ್ಲಿ ಚೆಂಡು ಎದುರಾಳಿಯ ಕೈಗೆ ಹೆಚ್ಚು ಸಲ ಹೋಯಿತು, ಮಳೆ ಬಂದ ಸಂಜೆಯಂತೂ ಒದ್ದೆ ಚೆಂಡು ಯಾರ ಕೈಯಲ್ಲೂ ನಿಲ್ಲಲಿಲ್ಲ. ಮುಂದಿರುವ ತಂಡ ಹೊತ್ತು ಕಳೆಯುವುದಕ್ಕೆ ಪ್ರೊ-ಸ್ಟೈಲ್ ಒಳ್ಳೆಯದೇ. ಆದರೆ ಮುಂದೆ ಹೋಗುವುದೇ ಕಷ್ಟವಾಗಿರುವ ತಂಡ ಹೊತ್ತು ಕಳೆದು ಮಾಡುವುದೇನು?

ಕ್ಯಾಂಟೀನಿನಲ್ಲಿ ಕ್ಯಾಪ್ಟನ್‌ಗೆ ಈ ಲೆಕ್ಕ ತೋರಿಸಿದೆ.

"ಏನ್ ಗುರು, ಫುಟ್‌ಬಾಲ್‌ಗೂ ಲ್ಯಾಬ್ ರಿಪೋರ್ಟ್ ಬರೀತೀಯಾ?" ಎಂದ. ಸಿಂಗಪುರದವರಂತೆ ಮಾತಿನ ಕೊನೆಗೆ 'ಲಾ' ಹಚ್ಚುವುದು ಅವನ ರೂಢಿ. "ಸ್ಪ್ರೆಡ್ ಅಂದ್ರೆ ಗಿಮಿಕ್ ಲಾ. ಲೈನ್ ಗೆದ್ರೆ ಮ್ಯಾಚ್ ಗೆದ್ದ ಹಾಗೆ. ಇದು ರಿಯಲ್ ಫುಟ್‌ಬಾಲ್."

"ಅಲ್ಲಿ ಲೈನ್ ಗೆಲ್ಲೋಕೆ ತೂಕ ಬೇಕು, ಒಪ್ತೀನಿ. ಇಲ್ಲಿ ತಳ್ಳೋ ಹಾಗೇ ಇಲ್ಲ. ನಿನ್ನ ದಪ್ಪನೆಯವರು ನಿಂತು ಏನು ಮಾಡ್ತಾರೆ? ಬಟ್ಟೆ ಎಳೆಯೋಕೆ ತೂಕ ಬೇಕಾ?"

"ನಿನ್ನ ಲೆಕ್ಕ ಎಲ್ಲ ನಿನ್ನ ಫ್ರೆಂಡ್ ರೂಮಿಗೋಸ್ಕರ ಅಂತ ಗೊತ್ತು, ಬಿಡು."

ಪಕ್ಕದಲ್ಲಿ ಕೂತಿದ್ದ ರೂಮ್‌ಮೇಟ್ ನಕ್ಕ. ಆ ಮಾತು ಇಂದಿಗೂ ನನ್ನ ಮೈ ಉರಿಸುತ್ತದೆ. ಗೆಳೆಯನ ಕೋಣೆ ಉಳಿಯಲಿ ಎಂಬ ಆಸೆ ನನಗಿತ್ತು, ಅದನ್ನು ಮುಚ್ಚಿಟ್ಟವನಲ್ಲ. ಆದರೆ ಚೆಂಡು ಏಳು ಗಜ ಹೋದದ್ದು ನನ್ನ ಆಸೆಯಿಂದಲ್ಲ. ಬದಿಯ ಜಾಗಕ್ಕೆ ರೂಮ್‌ಮೇಟನ್ನು ಹಾಕಿಕೊಂಡವನು ನನಗೆ ಪಕ್ಷಪಾತದ ಪಾಠ ಹೇಳಿದ್ದ.

ಮೊದಲ ಮೂರು ಪಂದ್ಯಗಳಲ್ಲಿ ಎರಡು ಸೋತೆವು, ಒಂದು ಸಮ. ಪ್ರತಿ ಸಲವೂ ನಮ್ಮ ಓಟಗಾರ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯಾರೋ ಒಬ್ಬ ತೆಳ್ಳನೆಯವನು ಬಗ್ಗಿ ಪಟ್ಟಿ ಎಳೆದುಕೊಂಡು ಹೋಗುತ್ತಿದ್ದ. ನಮ್ಮ ಭಾರಿ ಆಳುಗಳು ಕೈಕಟ್ಟಿ ನಿಂತು ನೋಡುತ್ತಿದ್ದರು. ಅವರ ತಪ್ಪೇನಿಲ್ಲ, ಅವರಿಗೆ ಮಾಡಲು ಕೆಲಸವೇ ಇರಲಿಲ್ಲ. ನನ್ನ ಗೆಳೆಯ ಬೆಂಚಿನಲ್ಲಿ ಕೂತು ಎಲ್ಲರ ನೀರಿನ ಬಾಟಲಿ ಕಾಯುತ್ತಿದ್ದ.

"ನೀನಾದ್ರೂ ಹೋಗಿ ಕೇಳು," ಎಂದು ನಾನು ರೇಗಿದೆ.

"ಎಂತ ಕೇಳೂದು ಮಾರಾಯ? ನನ್ನ ರೂಮ್ ಹೋಗ್ತದೆ, ಆಡ್ಸು ಅಂತ ಬೇಡೂದಾ? ನಾನು ಓಡೂದು ಅವನಿಗೆ ಕಾಣೂದಿಲ್ವಾ?"

ಕೊನೆಯ ಪಂದ್ಯ ಅಕ್ಟೋಬರ್ ಮೊದಲ ವಾರ. ಮಳೆಯಿರಲಿಲ್ಲ. ಅರ್ಧ ಪಂದ್ಯ ಮುಗಿಯುವಷ್ಟರಲ್ಲಿ ಎರಡು ಗೋಲಿನಷ್ಟು ಹಿಂದಿದ್ದೆವು. ಆಗಲೇ ಹೋಗಿ ಕ್ಯಾಪ್ಟನ್‌ಗೆ ಹೇಳಿದೆ: "ಈಗ ಅವನನ್ನ ಇಳಿಸು. ಈಗಿಳಿಸಿದ್ರೆ ಅವನಿಗೆ ಮ್ಯಾಚ್ ಎಣಿಕೆಗೆ ಬರುತ್ತೆ, ನಮಗೂ ಗೆಲ್ಲೋಕೆ ಟೈಮಿರುತ್ತೆ."

"ಪ್ಯಾನಿಕ್ ಆಗ್ಬೇಡ ಲಾ. ಲೈನ್ ಸೆಟ್ ಆಗ್ತಾ ಇದೆ."

ಲೈನು ಸೆಟ್ ಆಗಲಿಲ್ಲ. ಕೊನೆಯ ಆರು ನಿಮಿಷ ಉಳಿದಾಗ, ಇನ್ನೇನೂ ತೋಚದೆ, ಬೆಂಚಿನ ಕಡೆ ಕೈಬೀಸಿ "ಸರಿ, ಸ್ಪ್ರೆಡ್" ಎಂದ. ಐದು ಜನ ಹರಡಿ ನಿಂತರು. ನಾನು ಬಗ್ಗಿದಾಗ ಎದುರಾಳಿಗಳ ನಡುವೆ ಅಷ್ಟು ಹಸಿರನ್ನು ಆ ಋತುವಿನಲ್ಲೇ ಮೊದಲ ಬಾರಿ ಕಂಡೆ. ಮೂರನೆಯ ಎಸೆತ ಗೆಳೆಯನ ಕೈಗೆ ಹೋಯಿತು. ಪಟ್ಟಿ ಹಿಡಿಯಲು ಬಂದ ಇಬ್ಬರ ಕೈಗೂ ಗಾಳಿಯೇ ಸಿಕ್ಕಿತು. ಒಂದು ಗೋಲು. ಚೆಂಡು ಮತ್ತೆ ನಮಗೆ ಸಿಕ್ಕಾಗಲೂ ಹಾಗೆಯೇ ಹೋಗಿ, ಗೆರೆಗೆ ನಾಲ್ಕು ಗಜ ದೂರದಲ್ಲಿ ನಿಂತೆವು.

ಅಲ್ಲಿ ಕ್ಯಾಪ್ಟನ್ ಎಲ್ಲರನ್ನೂ ಒಟ್ಟಿಗೆ ಕರೆದ. "ಈಗ ಪವರ್. ದಪ್ಪನೆಯವರು ಒಳಗೆ ಬನ್ನಿ."

"ಯಾಕೆ? ಅವನ ಹತ್ತಿರ ಯಾರೂ ಇಲ್ಲ, ನೋಡು," ಎಂದೆ.

"ಗೆರೆ ಹತ್ರ ಎಲ್ಲರೂ ಹೀಗೇ ಆಡೋದು."

ಗೆಳೆಯನನ್ನು ಹೊರಗೆ ಕಳಿಸಿದ. ನಾನು ಚೆಂಡು ಕೊಟ್ಟೆ, ತಾನೇ ಹಿಡಿದು ನುಗ್ಗಿದ, ಯಾರೋ ಅವನ ಪಟ್ಟಿ ಎಳೆದರು. ಪಂದ್ಯ ಮುಗಿಯಿತೆಂದು ಸೀಟಿ ಊದಿದರು.

ಕ್ಯಾಪ್ಟನ್ ಹಾಲ್‌ಗೆ ಕೊಡಬೇಕಾದ ವರದಿಯನ್ನು ಪತ್ರಿಕೆಗೆಂದು ನನಗೇ ತಂದುಕೊಟ್ಟ. ಅದರಲ್ಲಿ ಹೀಗಿತ್ತು: "ಕೊನೆಯ ಪಂದ್ಯದಲ್ಲಿ ಸ್ಪ್ರೆಡ್ ಪ್ರಯತ್ನಿಸಲಾಯಿತು. ಯಶಸ್ವಿಯಾಗಲಿಲ್ಲ." ಆರು ನಿಮಿಷದ ಗೋಲಿನ ಬಗ್ಗೆ ಒಂದಕ್ಷರವಿಲ್ಲ. ಕೊನೆಯ ನಾಲ್ಕು ಗಜದ ಬಗ್ಗೆಯೂ ಇಲ್ಲ. ಹಾಲ್ ಮಾಸ್ಟರ್ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಆರು ನಿಮಿಷ ಅರ್ಧ ಪಂದ್ಯ ಆಗುವುದಿಲ್ಲವಲ್ಲ" ಎಂದರು. ಗೆಳೆಯನ ಕೋಣೆ ಹೋಯಿತು.

ವರ್ಷ ಮುಗಿದ ಮೇಲೆ ಅವನು ಕ್ಲೆಮೆಂಟಿಯ ಹನ್ನೊಂದನೆಯ ಮಹಡಿಯ ಫ್ಲಾಟೊಂದಕ್ಕೆ ಹೋದ. ಸಂಜೆ ಹೊತ್ತು ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿ ಬಾಡಿಗೆ ಹೊಂದಿಸುತ್ತಿದ್ದ. ಓಡುವುದಕ್ಕೆ ಹೊತ್ತು ಸಿಗುತ್ತಿರಲಿಲ್ಲ.

ಮುಂದಿನ ಆಗಸ್ಟ್‌ನಲ್ಲಿ ಕ್ಯಾಪ್ಟನ್ ನನ್ನ ಕೋಣೆಯ ಬಾಗಿಲು ತಟ್ಟಿದ. ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗಿ ಬಂದಿದ್ದ. ಅಲ್ಲಿ ಒಂದೆರಡು ಕಾಲೇಜುಗಳು ಹೊಸ ರೀತಿ ಆಡತೊಡಗಿವೆಯಂತೆ, ನೋಡಿದರೆ ತಲೆ ತಿರುಗುತ್ತದಂತೆ.

"ಈ ವರ್ಷ ನಾವೂ ಸ್ಪ್ರೆಡ್ ಆಡೋಣ ಗುರು. ಸ್ಪೀಡ್ ಇರೋರು ಬೇಕು. ನಿನ್ನ ಆ ಉಡುಪಿ ಫ್ರೆಂಡ್‌ಗೆ ನಾಳೆ ಪ್ರಾಕ್ಟೀಸಿಗೆ ಬರೋಕೆ ಹೇಳು."

"ಅವನು ಹಾಲ್‌ನಲ್ಲಿಲ್ಲ. ಹೊರಗಿರೋರು ಹಾಲ್ ಪರವಾಗಿ ಆಡೋ ಹಾಗಿಲ್ಲ."

"ಅಯ್ಯೋ, ಹೌದಾ? ಯಾಕೆ ಬಿಟ್ಟು ಹೋದ?"

ಅವನ ಮುಖ ನೋಡಿದೆ. ಅಣಕವಿರಲಿಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.