ಆರಾಮ ಮಾಡಾಕತ್ತಾರ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಆರಾಮ ಕುರ್ಚಿ ಇದೆ. ಅದರಲ್ಲಿ ಒಗೆದ ಬಟ್ಟೆ ಕೂಡುತ್ತದೆ, ಯಜಮಾನರ ಹೆಲ್ಮೆಟ್ಟು ಕೂಡುತ್ತದೆ, ಪಕ್ಕದ ಮನೆಯ ಬೆಕ್ಕು ಹಕ್ಕಿನಿಂದ ಕೂಡುತ್ತದೆ. ಯಾರಿಗಾಗಿ ತಂದದ್ದೋ ಆ ನಾನು ಮಾತ್ರ ಕೂತಿಲ್ಲ. ಕೂತೇ ಇಲ್ಲ ಎಂದರೆ ಸುಳ್ಳಾದೀತು. ಅದು ಬಂದ ದಿನ ಯಜಮಾನರ ಮುಖ ನೋಡಿ ಕೂತೆ. ಬೆನ್ನು ಹಿಂದಕ್ಕೆ ಜಾರಿತು, ಕಾಲು ಮೇಲೆ ಬಂತು, ಅಷ್ಟರಲ್ಲಿ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಎದ್ದೆ. ಅಡುಗೆಮನೆಗೆ ಹೋಗಿ ನೋಡಿದರೆ ಹಾಲು ಇಟ್ಟೇ ಇರಲಿಲ್ಲ.

ನಾನು ಹುಮನಾಬಾದಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವಳು. ಹೋದ ವರ್ಷ ಎಡಗಡೆಯ ಎದೆಯಲ್ಲಿ ಕೈಗೊಂದು ಗಂಟು ಹತ್ತಿತು. ಮನೆಯಲ್ಲಿ ಕಡಲೆಕಾಳಿನಷ್ಟಿದ್ದದ್ದು ಹೈದರಾಬಾದ್ ಮುಟ್ಟುವಷ್ಟರಲ್ಲಿ ಕ್ಯಾನ್ಸರ್ ಎಂಬ ದೊಡ್ಡ ಹೆಸರು ಪಡೆಯಿತು. ಆಪರೇಷನ್ ಆಯಿತು, ಕಿಮೋ ಆಯಿತು, ನಮ್ಮ ಜನ ಕರೆಂಟು ಕೊಡುವುದು ಅನ್ನುತ್ತಾರಲ್ಲ, ಆ ರೇಡಿಯೇಷನ್ನೂ ಆಯಿತು. ಕೊನೆಗೆ ಡಾಕ್ಟರು ಫೈಲು ಮುಚ್ಚಿ ತಮ್ಮ ಹೈದರಾಬಾದಿ ಉರ್ದುವಿನಲ್ಲಿ, ‘ಆರಾಮ್ ಹೋಗಯಾ ಅಮ್ಮಾ, ಅಬ್ ಆರಾಮ್ ಕರೋ’ ಎಂದರು. ವಾಸಿಯಾಯಿತು, ಇನ್ನು ವಿಶ್ರಾಂತಿ ತಗೊಳ್ಳಿ ಎಂದು ಅರ್ಥ. ಮೊದಲನೆಯ ಆರಾಮವನ್ನು ಅವರೇ ಕೊಟ್ಟು ಕಳಿಸಿದ್ದರು. ಎರಡನೆಯದು ಯಾವ ಮೆಡಿಕಲ್ ಶಾಪಿನಲ್ಲೂ ಸಿಗಲಿಲ್ಲ.

ಚಿಕಿತ್ಸೆ ನಡೆದಾಗ ನಾನು ಬಲು ಶಿಸ್ತಿನವಳಾಗಿದ್ದೆ. ಇಂಥ ದಿನ ರಕ್ತ ಪರೀಕ್ಷೆ, ಇಂಥ ದಿನ ಸಲಾಯಿನ್, ಇಂಥ ದಿನ ವಾಂತಿ. ಎಲ್ಲಕ್ಕೂ ಟೈಮ್‌ಟೇಬಲ್ ಇತ್ತು. ಅದು ಮುಗಿದ ಮೇಲೆ ಏನು ಮಾಡಬೇಕೋ ತಿಳಿಯದೆ ಹೋಯಿತು. ಸೊಂಟ ನೋವಾದರೆ ಎಲುಬಿಗೆ ಹೋಯಿತೇನೋ, ತಲೆ ನೋವಾದರೆ ಮೆದುಳಿಗೆ ಏರಿತೇನೋ ಎಂಬ ಹೆದರಿಕೆ. ಹೆದರಿಕೆ ಬಂದಾಗ ನನಗೆ ಕೂಡಲು ಬರುವುದಿಲ್ಲ. ಡಬ್ಬಿಗಳನ್ನು ಇಳಿಸಿ ಒರೆಸುತ್ತೇನೆ, ಒರೆಸಿದ್ದನ್ನು ಮತ್ತೆ ಒರೆಸುತ್ತೇನೆ. ‘ಅಂಡು ಸುಟ್ಟ ಬೆಕ್ಕಿನಂಗ ಯಾಕ ತಿರಗಾಕತ್ತಿ?’ ಎಂದು ಯಜಮಾನರು ಒಮ್ಮೆ ಬಾಯಿ ತಪ್ಪಿ ಅಂದರು. ನನಗೆ ಸುಟ್ಟದ್ದು ಬೇರೆ ಕಡೆ ಎಂದು ನಾನಂದೆ. ಕರೆಂಟು ಕೊಟ್ಟ ಜಾಗದ ಚರ್ಮ ಆಗಿನ್ನೂ ಕಪ್ಪಗಿತ್ತು. ಪಾಪ, ಅವರು ಆಮೇಲೆ ಆ ಮಾತನ್ನು ಮನೆಯಲ್ಲಿ ಆಡಲಿಲ್ಲ. ಇಷ್ಟು ಬರೆಯುವಾಗಲೂ ನಾನು ಎರಡು ಸಲ ಎದ್ದು ಬಂದೆ. ಒಮ್ಮೆ ಗೇಟಿನ ಸಪ್ಪಳ ಆಯಿತೆಂದು, ಇನ್ನೊಮ್ಮೆ ಆಗಲಿಲ್ಲವೆಂದು.

ಆಪರೇಷನ್ ಆದ ಮೇಲೆ ಎದೆಯ ಒಂದು ಕಡೆ ಸಪಾಟಾಯಿತಲ್ಲ, ಸೀರೆಯ ಸೆರಗು ನಿಲ್ಲುತ್ತಿರಲಿಲ್ಲ. ಅದಕ್ಕೆಂದೇ ಪೇಟೆಯಲ್ಲಿ ಸಿಗುವ, ರವಿಕೆಯೊಳಗೆ ಇಟ್ಟುಕೊಳ್ಳುವ ರಬ್ಬರಿನದು ಬೆವರಿಗೆ ತುರಿಸುತ್ತಿತ್ತು. ನನ್ನ ಅವ್ವ ಇರುವುದು ಬಸವಕಲ್ಯಾಣದ ಹತ್ತಿರ ಮೋರಖಂಡಿಯಲ್ಲಿ. ಓದು ಬರಹ ಬಾರದವಳು. ಒಂದು ಮಾತೂ ಆಡದೆ, ಅಪ್ಪನ ಹಳೆಯ ಧೋತರದ ಅರಿವೆಯಲ್ಲಿ ಒಂದು ಸಣ್ಣ ಚೀಲ ಹೊಲಿದು, ಕೂಸಿನ ತಲೆದಿಂಬಿಗೆ ತುಂಬುವ ಹಾಗೆ ಅದಕ್ಕೆ ಸಾಸಿವೆ ತುಂಬಿ ಕಳಿಸಿದಳು. ತೂಕ ಸರಿಯಾಗಿತ್ತು, ತಂಪಾಗಿಯೂ ಇತ್ತು. ಒಂದು ದಿನ ಏಳನೆಯ ತರಗತಿಯಲ್ಲಿ ಸಂಧಿ ಕಲಿಸುತ್ತ ಬೋರ್ಡಿಗೆ ಕೈ ಎತ್ತಿದಾಗ ಹೊಲಿಗೆ ಬಿಚ್ಚಿ ಸಾಸಿವೆ ಪಟಪಟ ಉದುರಿತು. ಮುಂದಿನ ಸಾಲಿನ ಹುಡುಗಿಯರು ಒಂದೊಂದೇ ಕಾಳು ಆರಿಸಿ ಕಾಗದದಲ್ಲಿ ಕಟ್ಟಿ, ಸಂತೆಯಿಂದ ತಂದ ಸಾಮಾನೆಂದುಕೊಂಡು, ‘ಟೀಚರ್, ನಿಮ್ಮ ಸಂತಿ ಚೆಲ್ಲೇದ್ರಿ’ ಎಂದು ಕೊಟ್ಟರು. ಒಂದು ಒಗ್ಗರಣೆಗೆ ಆಗುವಷ್ಟಿತ್ತು. ಲೋಪ ಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇನ್ನೂ ಸಿಕ್ಕಿಲ್ಲ.

ಆರಾಮದ ಮಾತಿಗೆ ಬರೋಣ. ನಮ್ಮ ಕಡೆ ಈ ಒಂದು ಶಬ್ದ ಇಲ್ಲದಿದ್ದರೆ ಜನ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನೆ ಮುಂದೆ ಹೋಗಬೇಕಾಗುತ್ತಿತ್ತು. ಎದುರಿಗೆ ಸಿಕ್ಕವರು ‘ಆರಾಮ ಅದೀರಿ?’ ಅನ್ನುತ್ತಾರೆ, ನಾವು ‘ಆರಾಮ್ರಿ’ ಅನ್ನುತ್ತೇವೆ. ಜ್ವರ ಬಂದರೆ ಆರಾಮಿಲ್ಲ. ಇಳಿದರೆ ಆರಾಮ ಆತು. ಮಲಗಿದರೆ ಆರಾಮ ಮಾಡಾಕತ್ತಾರ. ಬಸ್ಸಿಗೆ ಇನ್ನೂ ಹೊತ್ತಿದ್ದರೆ ಆರಾಮ ಹೋಗೋಣು. ರೋಗಕ್ಕೂ ಗುಣಕ್ಕೂ ನಿದ್ದೆಗೂ ನಿಧಾನಕ್ಕೂ ಒಂದೇ ಶಬ್ದ ಇಟ್ಟುಕೊಂಡವರು ಎಲ್ಲಿಯಾದರೂ ಒಂದು ಕಡೆ ಎಡವಲೇಬೇಕು. ನಮ್ಮ ಶಾಲೆಯ ಉರ್ದು ವಿಭಾಗದ ಫರ್ಜಾನಾ ಟೀಚರ್, ಅದು ಫಾರ್ಸಿ ಶಬ್ದ, ನಿಜಾಮರ ಕಾಲದಿಂದ ನಿಮ್ಮ ಬಾಯಲ್ಲಿದೆ ಎಂದು ಹೆಮ್ಮೆಯಿಂದ ಹೇಳಿದರು. ನಾನೂ ಬಿಡಲಿಲ್ಲ. ನಿಘಂಟು ತೆಗೆದು ಸಂಸ್ಕೃತದ ಆರಾಮ ತೋರಿಸಿದೆ. ಅಲ್ಲಿ ಆರಾಮ ಎಂದರೆ ತೋಟ. ಇಬ್ಬರೂ ಗೆದ್ದೆವೆಂದುಕೊಂಡು ಚಹಾ ಕುಡಿದೆವು. ಅವರು ಕೂತು, ನಾನು ನಿಂತು.

ನಿಂತು ಕುಡಿಯುವುದು ಅಪ್ಪನಿಂದ ನನಗೆ ಬಂದ ಆಸ್ತಿ. ಅಪ್ಪ ಮೋರಖಂಡಿಯಲ್ಲಿ ಮೂರೆಕರೆ ಹೊಲದಲ್ಲಿ ಉದ್ದು, ತೊಗರಿ ಬೆಳೆಯುತ್ತಿದ್ದರು. ಅವರು ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಲ್ಲುತ್ತಿದ್ದರು. ಊಟಕ್ಕೆ ಕೂತಾಗಲೂ ಒಂದು ಮೊಣಕಾಲು ಎತ್ತಿಯೇ ಇರುತ್ತಿತ್ತು, ಯಾರಾದರೂ ಕರೆದರೆ ಏಳಲು ಸುಲಭವಾಗಲೆಂದು. ನನ್ನ ಮದುವೆಯಲ್ಲಿ ಹೆಣ್ಣಿನ ತಂದೆ ಕೂಡಬೇಕಾದ ಹೊತ್ತಿಗೆ ಸೋದರಮಾವ ಅವರ ಹೆಗಲು ಒತ್ತಿ ಹಿಡಿದುಕೊಂಡಿದ್ದ. ಸುಮ್ಮನೆ ಒಂದು ಕಡೆ ಕೂಡಬಾರದೇನು ಎಂದು ಅವ್ವ ಗೊಣಗಿದರೆ, ‘ಕೂಡಾಕ ಮುಂದ ಭಾಳ ದಿನ ಅದ’ ಎನ್ನುತ್ತಿದ್ದರು. ಈ ಮಾತಿಗೆ ಒಂದು ಒಳ ಅರ್ಥವಿದೆ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸುತ್ತೇವೆ, ಮುಂದೆ ಭಜನೆ ನಡೆಯುತ್ತದೆ. ಕುಣಿಯಲ್ಲೂ ಕೂತ ಹಾಗೆಯೇ ಮಣ್ಣು ಮಾಡುತ್ತೇವೆ.

ಕಿಮೋ ನಡೆದಾಗ ನಾನು ಹೈದರಾಬಾದಿನಲ್ಲಿ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದುಕೊಂಡಿದ್ದೆ. ದಿನಾ ಸಂಜೆ ನಾಲ್ಕಕ್ಕೆ ಮೋರಖಂಡಿಗೆ ಫೋನು. ‘ಆರಾಮ ಅದೀಯೇನವ್ವ?’ ಎಂದು ಅಪ್ಪ ಕೇಳುತ್ತಿದ್ದರು. ಬಾಯಿ ತುಂಬ ಹುಣ್ಣು ಇಟ್ಟುಕೊಂಡು ನಾನು ‘ಆರಾಮ ಅದೀನಪ್ಪ, ನೀ?’ ಎನ್ನುತ್ತಿದ್ದೆ. ‘ನನಗೇನ್ ಧಾಡಿ?’ ಎನ್ನುತ್ತಿದ್ದರು. ಮಾತು ಅಷ್ಟೇ. ಇಬ್ಬರೂ ನಿಂತುಕೊಂಡೇ ಮಾತಾಡುತ್ತಿದ್ದೆವೆಂದು ಕಾಣುತ್ತದೆ.

ಮೂರನೆಯ ಕಿಮೋ ಆದ ಮೇಲೆ ನನ್ನ ರಕ್ತದಲ್ಲಿ ಬಿಳಿ ಕಣ ತೀರ ಇಳಿದವು. ಜನರ ನಡುವೆ ಹೋದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಕೋಣೆಯಲ್ಲೇ ಕೂಡಿಹಾಕಿದರು. ಅದೇ ವಾರ ಒಂದು ಸಂಜೆ ಫೋನನ್ನು ಅವ್ವ ಎತ್ತಿದಳು. ‘ಅಪ್ಪ ಎಲ್ಲಿ?’ ಎಂದೆ. ‘ಆರಾಮ ಮಾಡಾಕತ್ತಾರ’ ಎಂದಳು. ಮರುದಿನ ಕೇಳಿದರೆ ‘ಹೊಲದಾಗ ಅದಾರ’ ಎಂದಳು. ಅದರ ಮರುದಿನವೂ ಹೊಲ. ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಬಿಳಿ ಕಣ ಏರಿದವೆಂದು ರಿಪೋರ್ಟು ಬಂದ ಮೇಲೆ ಯಜಮಾನರು ನನ್ನ ಕೈ ಹಿಡಿದು ಹೇಳಿದರು. ಅವ್ವ ಮೊದಲ ಸಲ ಫೋನು ಎತ್ತಿದ ದಿನವೇ ಅಪ್ಪ ಬೆಳಗ್ಗೆ ಚಹಾ ಕುಡಿದು ನಿಂತವರು ನಿಂತಲ್ಲೇ ಕುಸಿದಿದ್ದರು. ಅದೇ ದಿನ ಸಂಜೆ ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ದರು.

ಹಗಲು ಹೊತ್ತಿನಲ್ಲಿ ಅಪ್ಪ ಆರಾಮ ಮಾಡುತ್ತಾರೆಂದರೆ ನಾನು ಹೇಗೆ ನಂಬಿದೆ? ಈ ಪ್ರಶ್ನೆಯನ್ನು ನನಗೆ ಕೇಳಿಕೊಳ್ಳಲು ಧೈರ್ಯ ಸಾಲದೆ, ಎಲ್ಲ ಸಿಟ್ಟನ್ನೂ ಅವ್ವನ ಮೇಲೆ ಹಾಕಿದೆ. ನನಗೆ ಅಳು ಬರಲಿಲ್ಲ, ಬರೀ ಸಿಟ್ಟು ಬಂತು. ಯಜಮಾನರೂ ಮುಚ್ಚಿಟ್ಟಿದ್ದರು ನಿಜ. ಆದರೆ ಅವರ ಮೇಲೆ ಸಿಟ್ಟಾಗಲು ನನಗೆ ಬೇರೆ ಕಾರಣಗಳು ಸಾಕಷ್ಟಿವೆ. ಅಪ್ಪನನ್ನು ಕಡೆಯ ಸಲ ನೋಡುವುದನ್ನು ನನ್ನಿಂದ ಕಸಿದುಕೊಂಡದ್ದು ಅವ್ವನ ಆ ಒಂದು ಮಾತು ಎಂದು ನಿಶ್ಚಯ ಮಾಡಿಕೊಂಡೆ.

ಚಿಕಿತ್ಸೆ ಮುಗಿಸಿ ಹುಮನಾಬಾದಿಗೆ ಬಂದಂದಿನಿಂದ ಪ್ರತಿ ಭಾನುವಾರ ನನ್ನ ಕಾಲಿಗೆ ಚಕ್ರ. ಬೆಳಗ್ಗೆ ಎದ್ದವಳೇ ಹುಮನಾಬಾದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಬಸವಕಲ್ಯಾಣದ ಬಸ್ಸು ಹತ್ತುತ್ತೇನೆ. ಅಲ್ಲಿ ಇಳಿದು ಬಜಾರದಲ್ಲಿ ಬೇಡದ ಬಳೆ, ಬೇಡದ ಸಕ್ಕರೆ ಕೊಂಡು ಕೆಲವು ಸಲ ಹಾಗೆಯೇ ವಾಪಸು ಬರುತ್ತೇನೆ. ಕೆಲವು ಸಲ ಆಟೋ ಹತ್ತಿ ಮೋರಖಂಡಿಗೂ ಹೋಗುತ್ತೇನೆ. ‘ಕೂಡವ್ವ’ ಎನ್ನುತ್ತಾಳೆ ಅವ್ವ. ‘ಇಲ್ಲ, ಆಟೋ ನಿಂತದ’ ಎನ್ನುತ್ತೇನೆ. ಆಟೋ ಎಂದೋ ಹೋಗಿರುತ್ತದೆ. ಸಕ್ಕರೆ ಕೊಟ್ಟು, ಬಾಗಿಲಲ್ಲಿ ಐದು ನಿಮಿಷ ನಿಂತು, ರಸ್ತೆಯವರೆಗೆ ನಡೆದು ಬರುತ್ತೇನೆ. ಎದೆಯ ಮೇಲೆ ಅವಳೇ ಹೊಲಿದ ಸಾಸಿವೆ ಚೀಲ, ಎದೆಯ ಒಳಗೆ ಅವಳ ಮೇಲಿನ ಸಿಟ್ಟು. ಯಾವುದು ಹೆಚ್ಚು ಭಾರವೆಂದು ದಾರಿಯುದ್ದಕ್ಕೂ ತೂಗುತ್ತಿದ್ದೆ. ಈ ಮನೆಯಲ್ಲಿ ಇನ್ನು ನನಗೆ ಕೂಡಲು ಆಗುವುದೇ ಇಲ್ಲವೇನೋ, ಅಪ್ಪನ ಜೊತೆಗೆ ಅವ್ವನನ್ನೂ ಕಳೆದುಕೊಂಡೆನೇನೋ ಎಂದು ಒಳಗೊಳಗೇ ದಿಗಿಲಾಗುತ್ತಿತ್ತು.

ಹೋದ ಭಾನುವಾರವೂ ಹೋದೆ. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಉದ್ದು ಹಸನು ಮಾಡುತ್ತಿದ್ದಳು. ತಲೆ ಎತ್ತದೆ, ‘ಆರಾಮ ಅದೀಯೇನವ್ವ?’ ಎಂದಳು. ಅಪ್ಪನದೇ ಮಾತು, ಅಪ್ಪನದೇ ರಾಗ. ಆಡಿ ಆಡಿ ಸವೆದ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಿದ್ದದ್ದು ಬೇರೆ.

‘ಇಲ್ಲ.’

ಮೊರ ನಿಂತಿತು.

‘ಆರಾಮಿಲ್ಲ ನನಗ. ಡಾಕ್ಟರ್ ಆಗೇದಂತಾರ, ನನಗ ಆಗಿಲ್ಲ. ನೀ ಅವತ್ತು ಯಾಕ ಸುಳ್ಳ ಹೇಳಿದಿ ಯವ್ವ? ಅಪ್ಪ ಹೋಗ್ಯಾರಂತ ಒಂದು ಮಾತ ಹೇಳಾಕ ಆಗಲಿಲ್ಲೇನು?’

‘ನಾ ಸುಳ್ಳ ಹೇಳಿಲ್ಲ’ ಎಂದಳು ಅವ್ವ. ದನಿ ಏರಿಸಲಿಲ್ಲ. ‘ನೀ ಫೋನ್ ಮಾಡಿದಾಗ ಅವರನ್ನ ಇಲ್ಲೇ ಈ ಗ್ವಾಡಿಗಿ ಕೂಡಿಸಿದ್ದೆವು. ಭಜನಿ ನಡದಿತ್ತು. ಮಗಳ ಫೋನ್ ಬಂದದ, ಒಂದೀಟು ತಾಳ ನಿಂದರಸ್ರಿ ಅಂದೆ. ಎಲ್ಲಾರೂ ಸುಮ್ಮ ಕುಂತರು. ನಿನ್ನ ಗಂಡನೂ ಅಲ್ಲೇ ಕುಂತಿದ್ದರು, ಬಾಯಿಗಿ ಟವಲ್ ಹಿಡಕೊಂಡು. ಅಪ್ಪ ಎಲ್ಲಿ ಅಂದಿ. ಮುಂದ ನೋಡಿದೆ. ಇಷ್ಟು ವರ್ಷದಾಗ ಅವರು ಅಷ್ಟು ಆರಾಮ ಕುಂತದ್ದು ನಾ ನೋಡಿದ್ದಿಲ್ಲ. ಕಂಡದ್ದೇ ಹೇಳಿದೆ.’

ಆಫೀಸಿನ ಕೆಲಸವೆಂದು ನಾದಿನಿಯನ್ನು ನನ್ನ ಜೊತೆಗೆ ಬಿಟ್ಟು ಯಜಮಾನರು ಒಂದು ದಿನ ಊರಿಗೆ ಹೋಗಿ ಬಂದದ್ದು ನೆನಪಾಯಿತು. ಆ ಫೋನೂ ನೆನಪಾಯಿತು. ಆವತ್ತು ಬಾಯಿಯ ಹುಣ್ಣು ಸ್ವಲ್ಪ ಮಾದು, ಹಾಲಿನಲ್ಲಿ ನೆನೆಸಿದ ಅರ್ಧ ರೊಟ್ಟಿ ಒಳಗೆ ಹೋಗಿತ್ತು. ನನಗೆ ಅದೇ ದೊಡ್ಡ ಸುದ್ದಿ. ಹೇಗೆ ನೆನೆಸಿದೆ, ಹೇಗೆ ನುಂಗಿದೆ, ಖಾರ ಯಾವಾಗ ತಿಂದೇನು ಎಂದು ಎಷ್ಟೋ ಹೊತ್ತು ಹೇಳಿದ್ದೆ. ಅಷ್ಟು ಹೊತ್ತೂ ಊರ ಜನ ತಾಳ ಕೈಯಲ್ಲಿ ಹಿಡಿದು, ಅಪ್ಪನನ್ನು ಮುಂದೆ ಕೂಡಿಸಿಕೊಂಡು, ನನ್ನ ಅರ್ಧ ರೊಟ್ಟಿ ಮುಗಿಯುವುದನ್ನು ಕಾದಿದ್ದರು.

‘ಕಡೀಕ ಏನಂದಿ, ನೆನಪದ?’ ಅವ್ವ ಕೇಳಿದಳು. ‘ನಾ ಆರಾಮ ಅದೀನಂತ ಅಪ್ಪಗ ಹೇಳು ಅಂದಿ. ಹೇಳಿದೆ. ಎಲ್ಲಾರ ಮುಂದ ಅವರ ಕಿವ್ಯಾಗ ಹೇಳಿದೆ. ಆಮ್ಯಾಲೆ ಭಜನಿ ಸುರು ಮಾಡಿದರು.’

ನಾನು ಯಾವಾಗ ಕೂತೆನೋ ತಿಳಿಯದು. ಅಳುವುದು ಅಷ್ಟಿಷ್ಟು ನಿಂತಾಗ ನೋಡಿದರೆ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಮರುದಿನದಿಂದ ಅವಳು ‘ಹೊಲದಾಗ ಅದಾರ’ ಎಂದದ್ದೂ ಸುಳ್ಳಲ್ಲ. ನಿಘಂಟು ಹಿಡಿದು ನೋಡಿದರೆ ಹೊಲ, ತೋಟ, ಆರಾಮ ಎಲ್ಲ ಸುತ್ತಿ ಬಂದು ಒಂದೇ ಕಡೆ ಸೇರುತ್ತವೆ, ನಾನೇ ಸುಮ್ಮನೆ ಊರೂರು ತಿರುಗುತ್ತಿದ್ದೆ. ‘ನನಗೂ ಆರಾಮಿಲ್ಲವ್ವ’ ಎಂದು ಅವ್ವ ಮೊರವನ್ನು ನನ್ನ ಕಡೆ ಸರಿಸಿದಳು. ಇಬ್ಬರೂ ಒಂದೇ ಮೊರಕ್ಕೆ ಕೈ ಹಾಕಿ ಉದ್ದಿನೊಳಗಿನ ಹರಳು ಆರಿಸಿದೆವು. ಆರಿಸುತ್ತ ಆರಿಸುತ್ತ ನನ್ನ ಕಣ್ಣು ಮುಚ್ಚಿಕೊಂಡವು.

ಫೋನು ಬಡಿದುಕೊಂಡಾಗ ಮಧ್ಯಾಹ್ನ ಇಳಿದಿತ್ತು. ಐದು ನಿಮಿಷಕ್ಕೆಂದು ಹೋದವಳು ಇನ್ನೂ ಬರಲಿಲ್ಲವೆಂದು ಯಜಮಾನರು ಮಾಡಿದ್ದರು. ನನ್ನನ್ನು ಎಬ್ಬಿಸಬಾರದೆಂದು ಅವ್ವ ತಾನೇ ಎತ್ತಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು. ‘ಹೌದ್ರಿ, ಇಲ್ಲೇ ಅದಾಳ್ರಿ. ಗ್ವಾಡಿಗಿ ಕುಂತು ಆರಾಮ ಮಾಡಾಕತ್ತಾಳ್ರಿ.’

ಆ ಕಡೆಯಿಂದ ಸಪ್ಪಳವೇ ಇಲ್ಲ. ಈ ಮನೆಯಲ್ಲಿ, ಈ ಗೋಡೆಗೆ, ಈ ಮಾತನ್ನು ಅವರು ಹಿಂದೆ ಒಮ್ಮೆ ಕೇಳಿದವರು. ನನಗೆ ಎಚ್ಚರವಾಗಿತ್ತು, ಕಣ್ಣು ತೆರೆಯುವ ಮನಸ್ಸಿರಲಿಲ್ಲ. ಅಷ್ಟು ಚಂದದ ನಿದ್ದೆ. ಕೂತಲ್ಲಿಂದಲೇ ಕೂಗಿದೆ.

‘ಯವ್ವ, ಉಸರೂ ಆಡಾಕತ್ತಾಳಂತ ಹೇಳು!’

ನನ್ನ ಅವ್ವ ಸುಳ್ಳು ಹೇಳುವವಳಲ್ಲ. ನನ್ನ ಮೂಗಿನ ಮುಂದೆ ಅವಳ ಅಂಗೈ ಬಂದು ನಿಂತದ್ದು ತಿಳಿಯಿತು. ಉದ್ದಿನ ಧೂಳಿನ ವಾಸನೆ. ಖಾತ್ರಿ ಮಾಡಿಕೊಂಡು ಫೋನಿಗೆ ಹೇಳಿದಳು. ‘ಹೌದ್ರಿ, ಆಡಾಕತ್ತಾಳ್ರಿ.’