ಗೋಲ್‌ಕೀಪರನ ಬಲಗಣ್ಣು

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ತರಕಾರಿ ಗಾಡಿಗಳ ಸಾಲು ಮುಗಿಯುವಲ್ಲಿ ನನ್ನ ಕನ್ನಡಕದ ಅಂಗಡಿ ಇತ್ತು. ಮೈಸೂರಿನಲ್ಲಿ ಕಣ್ಣು ಪರೀಕ್ಷಿಸುವ ಕೋರ್ಸು ಮುಗಿಸಿದವಳು ನಾನು. ಮದುವೆಯಾಗಿ ಇಲ್ಲಿಗೆ ಬಂದೆ, ಕೆಲವು ವರ್ಷ ಬೇರೆಯವರ ಅಂಗಡಿಯಲ್ಲಿ ದುಡಿದೆ, ಆಮೇಲೆ ಧೈರ್ಯ ಮಾಡಿ ಸ್ವಂತದ್ದು ತೆರೆದೆ.

ಎರಡು ಸಾವಿರದ ಹತ್ತರ ಆಸುಪಾಸು ಇರಬೇಕು. ಒಂದು ಭಾನುವಾರ ಮಧ್ಯಾಹ್ನ, ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ, ಎತ್ತರದ ಯುವಕನೊಬ್ಬ ಒಳಗೆ ಬಂದ. ಅವನ ಜೊತೆ ಹನ್ನೆರಡು ವರ್ಷದ ಹುಡುಗಿ. ಅವಳ ಮೊಣಕಾಲಿನವರೆಗೂ ಕೆಸರು, ಅತ್ತು ಮುಖ ಊದಿಕೊಂಡಿತ್ತು. ಅವನು ಹಿಂದಿಯಲ್ಲಿ ಶುರು ಮಾಡಿದ. ಅಷ್ಟರಲ್ಲಿ ಗೋಡೆಯ ಮೇಲಿದ್ದ ಕನ್ನಡ ಕ್ಯಾಲೆಂಡರ್ ಕಂಡಿತು.

"ಅಯ್ಯ, ನೀವು ನಮ್ಮೋರೇ ಅದೀರಲ್ರೀ ಅಕ್ಕಾರ!" ಅಂದ. "ಇವತ್ತ್ ಮುಂಜಾನಿ ಇಲ್ಲೇ ಮೈದಾನದಾಗ ಮಕ್ಕಳ ಮ್ಯಾಚ್ ಇತ್ರೀ. ಇಕಿ ಏಳು ಗೋಲ್ ಬಿಟ್ಲು. ಎಲ್ಲಾರೂ ಅಂಜುಬುರುಕಿ ಅಂತಾರ. ಇಕಿ ಅಂಜಂಗಿಲ್ರೀ. ಚೆಂಡು ಮೈಮ್ಯಾಲ ಬರೋತನಾ ಕೈನೇ ಎತ್ತಂಗಿಲ್ಲ. ನಾನೂ ಗೋಲ್‌ಕೀಪರೇ, ನನಗ ಗೊತ್ತಾಗ್ತದ. ಇಕಿಗಿ ಚೆಂಡು ಕಾಣವಲ್ದು."

ಅವನು ಹೇಳಿದ್ದು ನಿಜವಾಗಿತ್ತು. ಹುಡುಗಿಯ ಎರಡೂ ಕಣ್ಣಿಗೆ ನಾಲ್ಕೂವರೆಗಿಂತ ಹೆಚ್ಚು ಮೈನಸ್ ನಂಬರ್. ಇಷ್ಟು ದಿನ ಶಾಲೆಯಲ್ಲಿ ಪಕ್ಕದವಳ ಪುಸ್ತಕ ನೋಡಿ ಬರೆದುಕೊಂಡು ಕಾಲ ತಳ್ಳಿದ್ದಳು. ಪರೀಕ್ಷೆಯ ಚೌಕಟ್ಟಿಗೆ ಗಾಜು ಹಾಕಿ ಅವಳ ಮೂಗಿನ ಮೇಲಿಟ್ಟೆ. ಅವಳು ಹೊರಗಿನ ಬೀದಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಯುವಕನ ಕಡೆ ತಿರುಗಿ, "ಭಯ್ಯಾ, ಆಪ್ ಕೀ ನಾಕ್ ಟೇಢೀ ಹೈ!" ಎಂದು ಕೂಗಿದಳು. ಅವನ ಮೂಗು ನಿಜಕ್ಕೂ ಸೊಟ್ಟಗಿತ್ತು, ಎಂದೋ ಮುರಿದು ಕೂಡಿಕೊಂಡದ್ದು. ಅವನು ನಕ್ಕ ನಗೆಗೆ ಪಕ್ಕದ ಜೆರಾಕ್ಸ್ ಅಂಗಡಿಯವರು ಇಣುಕಿ ನೋಡಿದರು.

ಚೆಂಡು ಬಡಿದರೂ ಒಡೆಯದ ಗಾಜು, ತಲೆಯ ಹಿಂದೆ ಕಟ್ಟುವ ಪಟ್ಟಿ ಇರುವ ಕನ್ನಡಕ ಮಾಡಿಕೊಟ್ಟೆ. ಅವನು ಯಾರೆಂಬುದು ನಿಧಾನವಾಗಿ ತಿಳಿಯಿತು. ತುರ್ಭೆಯ ಬಸ್ತಿಯಲ್ಲಿ, ಕೂಲಿಯವರ ಕೇರಿಯಲ್ಲಿ, ಹುಟ್ಟಿದವನು. ತಂದೆ ಕಲಬುರಗಿ ಕಡೆಯಿಂದ ಬಂದು ಮಾರುಕಟ್ಟೆಯಲ್ಲಿ ಮೂಟೆ ಹೊತ್ತವರು. ಅವನು ಈಗ ದೊಡ್ಡ ಕ್ಲಬ್ಬೊಂದರ ಗೋಲ್‌ಕೀಪರ್. ಪಂದ್ಯಗಳು ಟಿವಿಯಲ್ಲಿ ಬರುತ್ತಿದ್ದವು. ಆದರೂ ಬಸ್ತಿ ಬಿಟ್ಟಿರಲಿಲ್ಲ. ಪಂದ್ಯವಿಲ್ಲದ ಭಾನುವಾರ ಕಾರ್ಖಾನೆಯೊಂದರ ಹಿಂದಿನ ಖಾಲಿ ಜಾಗದಲ್ಲಿ ನಲವತ್ತು ಮಕ್ಕಳಿಗೆ ಆಟ ಕಲಿಸುತ್ತಿದ್ದ. ಅದರಲ್ಲಿ ಅರ್ಧ ಹುಡುಗಿಯರು. ಅವರನ್ನು ಮೈದಾನಕ್ಕೆ ಕರೆತರಲು ಮನೆಮನೆಯ ಹೊಸ್ತಿಲಲ್ಲಿ ಕೂತು ಚಹಾ ಕುಡಿದಿದ್ದಾನೆ. ನಲ್ಲಿ ಕೆಟ್ಟರೆ ಪಾಲಿಕೆಗೆ ಅರ್ಜಿ ಬರೆಯುವವನು ಅವನೇ, ಇಬ್ಬರು ಜಗಳವಾಡಿದರೆ ಜನ ಕರೆಯುವುದೂ ಅವನನ್ನೇ.

ಒಂದು ತಿಂಗಳ ನಂತರ ಫೋನ್ ಮಾಡಿದ. "ಅಕ್ಕಾರ, ಇಕಿ ಒಬ್ಬಾಕಿ ಅಲ್ರೀ. ಇನ್ನೂ ಎಷ್ಟ್ ಮಂದಿ ಅದಾರೋ ಏನೋ. ನೀವೊಮ್ಮಿ ತುರ್ಭೆಕ್ಕ ಬರ್ತೀರೇನ್ರಿ?"

ಹೋದೆ. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ವಾಶಿಯ ರೈಲು ಹಿಡಿದು ತುರ್ಭೆಗೆ, ಮಡಿಲಲ್ಲಿ ಗಾಜುಗಳ ಪೆಟ್ಟಿಗೆ. ಬಾಲವಾಡಿಯ ಕೋಣೆಯ ಗೋಡೆಗೆ ಅಕ್ಷರಗಳ ಪಟ್ಟಿ ನೇತುಹಾಕಿದ್ದರು. ಓದು ಬಾರದವರಿಗೆಂದು ಚಿತ್ರದ ಪಟ್ಟಿಯನ್ನೂ ತಂದಿದ್ದೆ. ಜನ ಬಂದಿದ್ದರು, ಆದರೆ ಬಾಗಿಲ ಹೊರಗೇ ನಿಂತಿದ್ದರು. ಕಣ್ಣು ತೋರಿಸಿದರೆ ನೋಟ ಕುಂದುತ್ತದಂತೆ, ಕನ್ನಡಕ ಹಾಕಿದ ಹುಡುಗಿಗೆ ಗಂಡು ಸಿಗುವುದಿಲ್ಲವಂತೆ, ಕಣ್ಣು ಸರಿಯಿಲ್ಲವೆಂದು ಬರೆದುಕೊಟ್ಟರೆ ಕೂಲಿ ಹಂಚುವ ಮುಕಾದಮ ಕೆಲಸಕ್ಕೆ ಕರೆಯುವುದಿಲ್ಲವಂತೆ. ಹೀಗೆ ಗುಸುಗುಸು.

ಅವನು ಎಲ್ಲರ ನಡುವೆ ಬಂದು ಸ್ಟೂಲಿನ ಮೇಲೆ ಕೂತ. "ಮೊದ್ಲ ನಂದು ನೋಡ್ರಿ ಅಕ್ಕಾರ. ಎಲ್ಲಾರೂ ನೋಡ್ಲಿ."

ಎಡಗಣ್ಣು ಕೆಳಗಿನ ಸಾಲಿನವರೆಗೂ ಪಟಪಟನೆ ಓದಿತು. ಬಲಗಣ್ಣಿಗೆ ಬಂದಾಗಲೂ ಓದಿದ, ಆದರೆ ಕತ್ತನ್ನು ಸ್ವಲ್ಪ ವಾರೆ ಮಾಡಿ, ಎರಡೆರಡು ಸಲ ರೆಪ್ಪೆ ಬಡಿದು. ಮುಖದ ಮುಂದಿನ ನೊಣ ಓಡಿಸುವವನಂತೆ ಒಮ್ಮೆ ಕೈಯಾಡಿಸಿದ. ಅಲ್ಲಿ ನೊಣ ಇರಲಿಲ್ಲ.

ನಾನು ಹತ್ತಿರ ಬಗ್ಗಿ ಕೇಳಿದೆ, "ಏನಾದರೂ ಹಾರಾಡಿದ ಹಾಗೆ ಕಾಣುತ್ತಾ?"

ಅವನು ತುಟಿ ಅಲುಗಿಸದೆ ಹೇಳಿದ, "ಆಮ್ಯಾಲ ಹೇಳ್ತೀನ್ರೀ. ಈಗ ಬ್ಯಾಡ."

ಹೊರಗೆ ಐವತ್ತು ಜೋಡಿ ಕಣ್ಣುಗಳು ನಮ್ಮ ಮೇಲೆಯೇ ಇದ್ದವು. ಅವನ ಕಣ್ಣಲ್ಲೇ ಏನೋ ದೋಷವಿದೆ ಅಂದರೆ ಅಲ್ಲಿದ್ದವರೆಲ್ಲ ಮನೆಗೆ ಹೋಗುತ್ತಿದ್ದರು. ನಾನು ಸುಮ್ಮನೆ ಮುಂದಿನವರನ್ನು ಕರೆದೆ. ಅಂದು ಮೂರು ಗಂಟೆಯವರೆಗೂ ಕಣ್ಣು ನೋಡಿದೆ. ಅವನು ವಯಸ್ಸಾದವರನ್ನು ಕೈಹಿಡಿದು ತಂದು ಕೂರಿಸುತ್ತ, ಹೆಸರು ಬರೆಯುತ್ತ, ನಗಿಸುತ್ತ ಓಡಾಡುತ್ತಿದ್ದ.

ಕೊನೆಗೆ ಕೋಣೆಯಲ್ಲಿ ಉಳಿದವರು ನಾವಿಬ್ಬರು, ಮತ್ತೆ ಕಸ ಗುಡಿಸುತ್ತ, ಏಳು ಗೋಲ್ ಬಿಟ್ಟ ಆ ಹುಡುಗಿಯ ತಾಯಿ. ಆಕೆ ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುವ ಹೆಂಗಸು. ಆಗ ಅವನು ಬಾಯಿ ಬಿಟ್ಟ. ಒಂಬತ್ತು ದಿನದ ಹಿಂದೆ ಅಭ್ಯಾಸದ ವೇಳೆ ತೀರಾ ಹತ್ತಿರದಿಂದ ಹೊಡೆದ ಚೆಂಡು ನೇರ ಬಲಗಣ್ಣಿಗೆ ಬಡಿದಿತ್ತು. ಆವತ್ತಿನಿಂದ ಕಪ್ಪು ಚುಕ್ಕೆಗಳು ಸೊಳ್ಳೆಯ ಹಾಗೆ ಹಾರಾಡುತ್ತಿದ್ದವು. ತಲೆ ತಿರುಗಿಸಿದಾಗ ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾಗುತ್ತಿತ್ತು. ಕ್ಲಬ್ಬಿನಲ್ಲಿ ಯಾರಿಗೂ ಹೇಳಿರಲಿಲ್ಲ.

"ಒಳಗಿನ ಪರದೆ ಹರಿದಿರಬಹುದು," ಅಂದೆ. "ನಾಳೆಯೇ ರೆಟಿನಾ ಡಾಕ್ಟರ ಹತ್ತಿರ ಹೋಗಬೇಕು. ಅಲ್ಲಿವರೆಗೆ ಡೈವ್ ಹೊಡೆಯೋದು, ಹಾರೋದು, ಯಾವುದೂ ಬೇಡ."

"ಶನಿವಾರ ಮ್ಯಾಚ್ ಅದ್ರೀ ಅಕ್ಕಾರ. ನಾ ಕೂತ್ರ ಇನ್ನೊಬ್ಬ ಕೀಪರ್ ತಯಾರ್ ನಿಂತಾನ. ಒಮ್ಮಿ ಹೊರಗ ಬಿದ್ರ ಮತ್ತ ಯಾರ್ ಕರೀತಾರ?"

ನಾನು ಬೈಯಬೇಕೆಂದಿದ್ದೆ. ಅದಕ್ಕೆ ಮುಂಚೆಯೇ ಕಸಬರಿಗೆ ಹಿಡಿದಿದ್ದ ಆ ತಾಯಿ ನೆಟ್ಟಗೆ ನಿಂತಳು.

"ತಮ್ಮಾ, ಚಸ್ಮಾ ಬಂದ ಮ್ಯಾಲೂ ನನ್ನ ಮಗಳ ಕಣ್ಣಾಗ ಐಬ್ ಅದ ಅಂತ ನಾ ಮಂದಿಗಿ ಮುಚ್ಚಿಟ್ಟಿದ್ದೆ. ಮುಚ್ಚಿಡಬ್ಯಾಡವ್ವಾ ಅಂತ ನಮ್ಮ ಬಾಗಲಿಗಿ ನಾಕ್ ಸಲ ಬಂದವ ನೀನೇ. ಈಗ ನೀ ಏನ್ ಮಾಡ್ಲತ್ತಿ?"

ಅವನು ತಲೆ ತಗ್ಗಿಸಿದ. ಕೈಬೆರಳಿಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚುತ್ತ, "ನೀವೂ ಬರ್ತೀರೇನ್ರಿ?" ಅಂತ ನನ್ನನ್ನು ಕೇಳಿದ.

ಮರುದಿನ ಅಂಗಡಿ ತೆರೆಯಲಿಲ್ಲ. ಠಾಣೆಯ ಕಣ್ಣಾಸ್ಪತ್ರೆಯೊಂದರಲ್ಲಿ ಹತ್ತು ಗಂಟೆಗೆ ಸೇರಿದೆವು. ಪಾಪೆ ಹಿಗ್ಗಿಸುವ ಹನಿ ಹಾಕಿ ಮುಕ್ಕಾಲು ಗಂಟೆ ಕೂರಿಸಿದರು. ಫೋನಿನ ಅಕ್ಷರ ಕೂಡ ಕಾಣದೆ ಅವನು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಮೊದಲ ಸಲ ಅವನು ಇಪ್ಪತ್ತಾರು ವರ್ಷದ ಹುಡುಗನಂತೆ ಕಂಡ.

"ನಾ ಆಡೋದು ನಿಂತ್ರ ಆ ಮಕ್ಕಳು ನನ್ನ ಮಾತ್ ಯಾಕ ಕೇಳ್ತಾರ್ರೀ?" ಅಂದ. "ಟಿವಿಯಾಗ ಬರ್ತಾನಂತ ತಾನೇ ಅವರಪ್ಪ ಅವ್ವ ಕಳಸೋದು."

ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿ ಕೊಟ್ಟೆ.

ಡಾಕ್ಟರು ನಡುವಯಸ್ಸಿನ ಮರಾಠಿ ಹೆಂಗಸು. ತಲೆಗೆ ದೀಪ ಕಟ್ಟಿಕೊಂಡು, ಮೇಲೆ ನೋಡು ಕೆಳಗೆ ನೋಡು ಎನ್ನುತ್ತ ಬಹಳ ಹೊತ್ತು ಪರೀಕ್ಷಿಸಿದರು. ಕೊನೆಗೆ ದೀಪ ಆರಿಸಿ, ಕಾಗದದ ಮೇಲೆ ಒಂದು ವೃತ್ತ ಬರೆದು ಅದರ ಅಂಚಿನಲ್ಲಿ ಪುಟ್ಟ ಗೀರು ಎಳೆದರು. ಹರಿದಿದೆ, ಆದರೆ ಅಂಚಿನಲ್ಲಿ. ಪರದೆ ಇನ್ನೂ ಕಳಚಿಲ್ಲ. ಇವತ್ತೇ ಲೇಸರ್ ಹಾಕಿದರೆ ಸುತ್ತಲೂ ಅಂಟಿಕೊಂಡು ನಿಲ್ಲುತ್ತದೆ, ಆಪರೇಷನ್ ಬೇಡ. ಹೀಗೇ ಬಿಟ್ಟು ಶನಿವಾರ ಹೋಗಿ ನೆಲಕ್ಕೆ ಬಿದ್ದು ಆಡಿದರೆ ಏನಾಗುತ್ತದೋ ಹೇಳಲಾರೆ, ಎಂದರು.

"ಮತ್ತೆ ಆಡಬಹುದಾ?" ಎಂದು ಕೇಳಿದವಳು ನಾನು.

"ಕಾ ನಾಹೀ? ಯಾಕಾಗಬಾರದು? ಕೆಲವು ವಾರ ಸುಮ್ಮನಿರಲಿ. ನಾನು ಬರೆದುಕೊಟ್ಟ ಮೇಲೆ ಆಡಲಿ."

ಲೇಸರ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದವನು ಕಾರಿಡಾರಿನಲ್ಲೇ ನಿಂತು ತನ್ನ ಕೋಚಿಗೆ ಫೋನ್ ಮಾಡಿದ. ಚೆಂಡು ಬಡಿದದ್ದು, ಮುಚ್ಚಿಟ್ಟದ್ದು, ಈಗ ಆಗಿದ್ದು ಎಲ್ಲವನ್ನೂ ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಂಡ. ಫೋನ್ ಇಟ್ಟವನ ಮುಖ ನೋಡಿ ನನಗೆ ಏನೂ ಗೊತ್ತಾಗಲಿಲ್ಲ.

"ಏನಂದ್ರು?"

"ಬೈದ್ರು. ಇಷ್ಟ್ ದಿನ ಯಾಕ ಹೇಳ್ಲಿಲ್ಲ ಅಂತ ಹಚ್ಚಿ ಬೈದ್ರು. ಆಮ್ಯಾಲ, ನಿನ್ನ ಜಾಗ ಎಲ್ಲೂ ಹೋಗಂಗಿಲ್ಲ, ಕಣ್ಣು ಸರಿ ಮಾಡ್ಕೊಂಡ್ ಬಾ ಅಂದ್ರು." ಅಷ್ಟು ಹೇಳಿ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ. ಅವನ ಅಗಲ ಬೆನ್ನು ಅಲುಗುತ್ತಿತ್ತು. ನನ್ನ ಕಣ್ಣೂ ತುಂಬಿತು. ಹೊರಗೆ ಬಂದು ಇಬ್ಬರೂ ತಳ್ಳುಗಾಡಿಯ ಪಕ್ಕ ನಿಂತು ವಡಾ ಪಾವ್ ತಿಂದೆವು. ಅವನು ಮೂರು, ನಾನು ಎರಡು. ಆ ಮಧ್ಯಾಹ್ನದಷ್ಟು ರುಚಿಯಾಗಿ ನಾನು ಏನನ್ನೂ ತಿಂದ ನೆನಪಿಲ್ಲ.

ಆಟವಿಲ್ಲದ ಆ ವಾರಗಳನ್ನು ಅವನು ಬಸ್ತಿಯಲ್ಲೇ ಕಳೆದ. ಸಂಜೆ ನಲ್ಲಿಕಟ್ಟೆಯ ಹತ್ತಿರ ಜನ ಸೇರಿದಾಗ ತನ್ನ ಕಥೆಯನ್ನು ಹೇಳುತ್ತಿದ್ದನಂತೆ. ತಾನು ಹೆದರಿದ್ದು, ಮುಚ್ಚಿಟ್ಟದ್ದು, ಈರುಳ್ಳಿ ಆರಿಸುವ ಅಕ್ಕನಿಂದ ಬೈಸಿಕೊಂಡದ್ದು ಯಾವುದನ್ನೂ ಬಿಡದೆ. ಅದರ ಫಲ ನನಗೆ ಎರಡನೆಯ ಶಿಬಿರದಲ್ಲಿ ಕಂಡಿತು. ನಾನು ತಲುಪುವ ಹೊತ್ತಿಗೇ ಸಾಲು ಬಾಲವಾಡಿಯ ಮೂಲೆ ದಾಟಿತ್ತು. ಎರಡು ವರ್ಷದಿಂದ ಪೊರೆ ಮುಚ್ಚಿದ ಕಣ್ಣಿನಲ್ಲೇ ಹಲಗೆಯ ಮೇಲೆ ಮೂಟೆ ಹೊತ್ತು ಲಾರಿ ಹತ್ತುತ್ತಿದ್ದ ರಾಯಚೂರಿನ ಹಿರಿಯರೊಬ್ಬರು ಮುಂದೆ ಬಂದು, "ಆ ಹುಡುಗನೇ ಹೇಳ್ಕೊಂಡಾನಂದ್ರ ನಂದೇನ್ ಮರ್ಯಾದಿ ಹೋಗ್ತದ್ರೀ, ನೋಡ್ರಿ," ಎಂದು ಸ್ಟೂಲಿನ ಮೇಲೆ ಕೂತರು. ಅವರ ಆಪರೇಷನ್ನಿಗೆ ಠಾಣೆಯ ಅದೇ ಡಾಕ್ಟರು ಕೂಡಲೇ ದಿನ ಕೊಟ್ಟರು. ಮುಕಾದಮನೊಂದಿಗೆ ತಾನೇ ಮಾತಾಡಿ, ಅವರು ಮರಳಿ ಬರುವವರೆಗೆ ಜಾಗ ಬಿಟ್ಟಿಡುವಂತೆ ಒಪ್ಪಿಸಿದವನು ನಮ್ಮ ಗೋಲ್‌ಕೀಪರ್.

ಏಳನೆಯ ವಾರ ಡಾಕ್ಟರು ಚೀಟಿ ಬರೆದುಕೊಟ್ಟರು. ಅವನು ಮತ್ತೆ ಆಡಿದ ಮೊದಲ ಪಂದ್ಯವನ್ನು ನಾನು ಅಂಗಡಿಯ ಪುಟ್ಟ ಟಿವಿಯಲ್ಲಿ ನೋಡಿದೆ. ಆಟದ ನಿಯಮ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಬಲಗಡೆಯಿಂದ ಬಂದ ಚೆಂಡಿಗೆ ಅವನು ಮೈಚಾಚಿ ಹಾರಿದಾಗ ಟೇಬಲ್ಲಿನ ಅಂಚು ಹಿಡಿದುಕೊಂಡೆ. ಚೆಂಡು ಕೈಯಲ್ಲಿತ್ತು. ಎದ್ದು, ಮೈ ಕೊಡವಿ, ಮುಂದಕ್ಕೆ ಒದ್ದ. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು, ಓದುವ ಕನ್ನಡಕ ಇದೆಯಾ ಅಂದರು. ನಾನು ನಗುತ್ತಲೇ ಎದ್ದು ಡ್ರಾಯರ್ ತೆರೆದೆ.