ಬಸ್ ನಿಲ್ದಾಣದ ದೋಟಿ

ಜಪಾನಿನ ನಗೋಯಾದಿಂದ ಬಹುದೂರದ ಈ ಬೆಟ್ಟದ ಬಸ್ ನಿಲ್ದಾಣದಲ್ಲಿ ಇದ್ದದ್ದು ನಾನು ಮತ್ತು ಟಿಕೆಟ್ ಕೊಡುವ ಯಮಾದಾ-ಸಾನ್. ಎಪ್ಪತ್ತು ದಾಟಿದ ಅಜ್ಜಿ. ಗೋಡೆಗೆ ಎರಡು ಉದ್ದನೆಯ ಕೋಲುಗಳು ಒರಗಿದ್ದವು, ತುದಿಯಲ್ಲಿ ಅರ್ಧಚಂದ್ರದಂಥ ಕಬ್ಬಿಣ.

"ಮಾವಿನಕಾಯಿ ಕೀಳೋ ದೋಟಿನಾ?" ಎಂದೆ.

ಅಲ್ಲವಂತೆ, ಯಾರಾದರೂ ಚಾಕು ಹಿಡಿದು ಬಂದರೆ ಗೋಡೆಗೆ ಒತ್ತಿ ಹಿಡಿಯಲು ಇಟ್ಟದ್ದಂತೆ. ಅಜ್ಜಿ ಕೋಲೆತ್ತಿ, ಕಾಲು ಅಗಲಿಸಿ, ಕೂಗಿ ತೋರಿಸಿದರು. ನಾನು ಇನ್ನೊಂದನ್ನು ಹಿಡಿದು, ಅವರಂತೆಯೇ ಸೊಂಟ ಬಗ್ಗಿಸಿ, ಅದೇ ಕೀರಲು ದನಿ ತಂದು ಅಣಕಿಸಿದೆ. ಇಬ್ಬರೂ ನಕ್ಕೆವು.

ಆಗಲೇ ಬಾಗಿಲು ತಳ್ಳಿಕೊಂಡು ಒಬ್ಬ ನುಗ್ಗಿದ. ಕೈಯಲ್ಲಿ ನಿಜವಾಗಿಯೂ ಚಾಕು. ಒಂದೇ ಬೀಸಿಗೆ ಅಜ್ಜಿಯ ತೋಳಿನಲ್ಲಿ ರಕ್ತ. ಎಲ್ಲರ ದನಿಯನ್ನೂ ಅಣಕಿಸುವ ನನಗೆ ನನ್ನ ದನಿಯೇ ಹೊರಡಲಿಲ್ಲ.

"ಈಗ ಮಾಡಪ್ಪ, ನನ್ನ ಅಣಕ!" ಎಂದು ಅಜ್ಜಿ ಕಿರುಚಿದರು.

ಮಾಡಿದೆ. ಅವರು ಅವನ ಎದೆಯನ್ನು ಒತ್ತಿದರೆ ನಾನು ತೊಡೆಗಳನ್ನು ಒತ್ತಿದೆ. ಅವನು ಗೋಡೆಗೆ ಅಂಟಿಕೊಂಡ, ಆದರೆ ಚಾಕು ಬಿಡಲಿಲ್ಲ.

"ಬಸ್ಸಿಗೆ ಇನ್ನು ಆರೇ ನಿಮಿಷ, ಬಿಡಬೇಡ," ಎಂದರು. ನಿಂತ ಭಂಗಿಯೆಲ್ಲ ಅವರದೇ. ಕಾಲಿನ ನಡುಕ ಮಾತ್ರ ನನ್ನ ಸ್ವಂತದ್ದು.

ಬಸ್ಸು ನಿಮಿಷ ತಪ್ಪದೆ ಬಂತು. ಡ್ರೈವರ್ ಓಡಿಬಂದು ಚಾಕು ಕಿತ್ತು, ಅವನ ಕೈ ಕಟ್ಟಿದರು. ಆಮೇಲೆ ನನ್ನ ಮುಂದೆ ತಲೆಬಾಗಿ, "ಸುಮಿಮಾಸೆನ್", ಕ್ಷಮಿಸಿ, ಎನ್ನುತ್ತ, ಕೋಲಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.